ನೆತ್ತಿ ತಟ್ಟಿದ್ರಾ?

ಅದು ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ನನ್ನ ಮಗ ಶರಣನಿಗೆ ಆಗ ಎರಡು ವರ್ಷ. ರಾಂಪುರದ ನನ್ನ ತವರಿನಲ್ಲಿ ಬಿತ್ತನೆಗೆಂದು ಶೇಂಗಾ ಸುಲಿಯುವ ಕೆಲಸ ನಡೆದಿತ್ತು. ಯಂತ್ರಕ್ಕೆ ಹಾಕಿದರೆ ಬೀಜ ಒಡೆಯುತ್ತದೆಂದು ನಮ್ಮಲ್ಲಿ ಬಿತ್ತನೆ ಬೀಜವನ್ನು ಕೈಯಲ್ಲೇ ಸುಲಿಯುತ್ತಾರೆ. ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತು ಹರಟುತ್ತ ಸುಲಿಯುತ್ತಿದ್ದೆವು. ಶರಣ ನಮ್ಮ ನಡುವೆ ಓಡಾಡುತ್ತ ಕೈಗೆ ಸಿಕ್ಕ ಬೀಜ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಇದ್ದಕ್ಕಿದ್ದಂತೆ ಕೆಮ್ಮು ಹತ್ತಿ ಅವನ ಕಣ್ಣಲ್ಲಿ ನೀರು ಬಂತು. ನನ್ನ ಅವ್ವ ಅವನ ನೆತ್ತಿಯನ್ನು ಪಟಪಟನೆ ತಟ್ಟಿ, ನಮ್ಮ ಗಡಿಯೂರಿನ ತೆಲುಗು ಬೆರೆಸಿ, "ಏಮಿ ನಾಯನಾ, ನಿಮ್ಮಪ್ಪ ನೆನೆಸ್ಕಂಡ್ನಾ?" ಎಂದಳು. ಎಲ್ಲರೂ ನಕ್ಕರು. ಕೆಮ್ಮು ನಿಂತಿತು, ಅವನು ಆಡಲು ಹೋದ. ನಾವೂ ಅದನ್ನು ಅಲ್ಲೇ ಮರೆತೆವು.

ಚಳ್ಳಕೆರೆಯ ನಮ್ಮ ಮನೆಗೆ ವಾಪಸ್ ಬಂದ ಮೇಲೆ ಮತ್ತೆ ಕೆಮ್ಮು ಶುರುವಾಯಿತು. ಕಫ ಕಟ್ಟಿದೆ ಎಂದು ಔಷಧಿ ಕುಡಿಸಿದೆ, ಎದೆಗೆ ಎಣ್ಣೆ ತಿಕ್ಕಿದೆ. ಏನೂ ಪ್ರಯೋಜನವಾಗಲಿಲ್ಲ. ಒಂದು ಬೆಳಿಗ್ಗೆ ಮಗು ಉಸಿರೆಳೆಯಲಾರದೆ ಒದ್ದಾಡತೊಡಗಿತು, ತುಟಿ ನೀಲಿಗಟ್ಟಿತು. ಮೊಮ್ಮಗನನ್ನು ನೋಡಲು ಬಂದಿದ್ದ ಅವ್ವನೂ ನಾನೂ ಅವನನ್ನೆತ್ತಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ ಡಾಕ್ಟರಮ್ಮ ಒಬ್ಬರಿದ್ದರು. ಉಸಿರಾಟದ ತೊಂದರೆಯಿಂದ ಇಲ್ಲಿಗೆ ಬರುವ ಮಕ್ಕಳ ಬಗ್ಗೆ ಸಂಶೋಧನೆ ಮಾಡಲು ಮೆಡಿಕಲ್ ಕಾಲೇಜಿನಿಂದ ಬಂದವರೆಂದು ಆಮೇಲೆ ತಿಳಿಯಿತು. ಅವರು ಆಕ್ಸಿಜನ್ ಹಿಡಿಸುತ್ತಲೇ, "ಮಗು ಏನಾದ್ರೂ ನುಂಗಿದೆಯಾ?" ಎಂದು ಕೇಳಿದರು.

"ಏನೂ ನುಂಗಿಲ್ರಿ. ಕಫ ಆಗೈತೆ. ಮೊದ್ಲು ಮಗೂನ ನೋಡ್ರಿ!" ಎಂದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ, ಮೇಲೆ ಜೀವ ಬಾಯಿಗೆ ಬಂದಿತ್ತು.

"ನೋಡ್ತಾನೇ ಇದೀನಮ್ಮ. ಇನ್ನೊಂದೇ ಮಾತು. ಈಚೆಗೆ ಯಾರಾದ್ರೂ ಇವನ ನೆತ್ತಿ ತಟ್ಟಿದ್ರಾ?"

ಇದೆಂಥ ಪ್ರಶ್ನೆ ಎಂದು ನಾನು ರೇಗುವಷ್ಟರಲ್ಲಿ ಹಿಂದಿನಿಂದ ಅವ್ವ, "ಹೂಂ ಕಣವ್ವಾ, ನಾನೇ ತಟ್ಟಿದ್ದೆ. ಶೇಂಗಾ ತಿಂತಾ ಕೆಮ್ಮಿದ. ಅವರಪ್ಪ ನೆನೆಸ್ಕಂಡಿರಬೇಕು ಅಂದ್ಕಂಡೆ" ಎಂದಳು.

ಡಾಕ್ಟರಮ್ಮ ತಕ್ಷಣ ಮಗುವಿನ ಎದೆಯ ಎರಡೂ ಕಡೆ ಸ್ಟೆತಾಸ್ಕೋಪ್ ಇಟ್ಟು ಮತ್ತೆ ಮತ್ತೆ ಕೇಳಿದರು. "ಬಲಗಡೆ ಗಾಳಿಯೇ ಹೋಗ್ತಿಲ್ಲ. ಶೇಂಗಾ ಉಸಿರಿನ ನಾಳದಲ್ಲೇ ಕೂತಿದೆ" ಎಂದರು. ಆಂಬುಲೆನ್ಸ್ ಕರೆಸಿ ತಾವೂ ಹತ್ತಿದರು. ದಾವಣಗೆರೆ ಮುಟ್ಟುವವರೆಗೂ ಮಗನ ಮುಖದಿಂದ ಕಣ್ಣು ತೆಗೆಯಲಿಲ್ಲ. ದಾರಿಯಲ್ಲಿ ಅವರೇ ಹೇಳಿದರು: "ನುಂಗಿದಾನಾ ಅಂದ್ರೆ ಎಲ್ಲ ತಾಯಂದಿರೂ ಇಲ್ಲ ಅಂತಾರೆ, ಸುಳ್ಳೂ ಅಲ್ಲ. ಎಷ್ಟೋ ಮನೆಗಳಿಗೆ ಹೋಗಿ ಕೇಳಿದ ಮೇಲೆ ಗೊತ್ತಾಯ್ತು, ಕೆಮ್ಮಿದ್ದು ಮರೆತುಹೋಗುತ್ತೆ, ನೆತ್ತಿ ತಟ್ಟಿದ್ದು ನೆನಪಿರುತ್ತೆ."

ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಸಣ್ಣ ಕೊಳವೆ ಇಳಿಸಿ ಅದನ್ನು ತೆಗೆದರು. ಡಾಕ್ಟರಮ್ಮ ಅಂಗೈ ಬಿಚ್ಚಿ ತೋರಿಸಿದರು. ಅರ್ಧ ಬೇಳೆ ಶೇಂಗಾ! ಒಳಗೆ ನನ್ನ ಮಗ ಗಂಟಲು ಹರಿಯುವಂತೆ ಅಳುತ್ತಿದ್ದ. ಅಷ್ಟು ಜೋರಾಗಿ ಅಳಬೇಕಾದರೆ ಎಷ್ಟು ಉಸಿರು ಬೇಕು! ನಾನು ಆ ಹುಡುಗಿಯ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಕೆಲವು ವರ್ಷಗಳ ನಂತರ ನೆರೆಮನೆಯ ಕೂಸಿಗೆ ಉಸಿರು ಕಟ್ಟಿತೆಂದು ಅದೇ ಆಸ್ಪತ್ರೆಗೆ ಹೋಗಬೇಕಾಯಿತು. ನಾನು ಬಾಯಿ ತೆರೆಯುವ ಮೊದಲೇ ನರ್ಸಮ್ಮ, "ಯಾರಾದ್ರೂ ನೆತ್ತಿ ತಟ್ಟಿದ್ರಾ?" ಎಂದರು. ಈಗ ಇಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ ಅಂತೆ! ಆ ಕೂಸೂ ಬದುಕಿತು.

ಅವ್ವನಂತೂ ಈಗ ಯಾವ ಮಗು ಕೆಮ್ಮಿದರೂ ಓಡಿಬಂದು, "ನೆನೆಸ್ಕಂಡೋರು ಆಮೇಲೆ ನೆನೆಸ್ಕಳ್ಳಲಿ, ಮೊದ್ಲು ಬಾಯಾಗೆ ಏನಿತ್ತು ಹೇಳ್ರೇ!" ಎಂದು ಗದರುತ್ತಾಳೆ. ಶರಣ ನಗುತ್ತಾನೆ. ಅವನು ಎದೆ ತುಂಬ ನಗುವಾಗಲೆಲ್ಲ ನನಗೆ ಆ ಡಾಕ್ಟರಮ್ಮ ನೆನಪಾಗುತ್ತಾರೆ. ಅವರು ಎಲ್ಲೇ ಇರಲಿ, ಆಗ ಅವರಿಗೂ ಕೆಮ್ಮು ಬರುತ್ತಿರಬೇಕು.