ಗಿರಣಿ ಅಕ್ಕ ಮಗಳ ಅಡುಗೆಮನೆ ತುಂಬಲು ಹೋದದ್ದು

ಓಣಿಯವರಿಗೆಲ್ಲ ಅವಳು ಗಿರಣಿ ಅಕ್ಕ. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನು ತಾನೇ ನಡೆಸಿ, ಒಬ್ಬಳೇ ಮಗಳನ್ನು ಓದಿಸಿ, ದೂರದ ಊರಿಗೆ ಮದುವೆ ಮಾಡಿಕೊಟ್ಟಿದ್ದಳು. ಹುಬ್ಬಿನ ಮೇಲೆ ಸದಾ ಹಿಟ್ಟು. "ನನಗೇನು ವಯಸ್ಸಾಗಿಲ್ಲ, ಇದು ಗೋಧಿ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದಳು.

ಮದುವೆಯಾದ ಹೊಸದರಲ್ಲಿ ಮಗಳ ಅಡುಗೆಮನೆಯನ್ನು ಅವಳೇ ಜೋಡಿಸಿಕೊಟ್ಟು ಬಂದಿದ್ದಳು. ತಮ್ಮ ಕಡೆಯ ಅಡುಗೆಗೆ ಬೇಕಾದ್ದೆಲ್ಲ ಅಲ್ಲಿತ್ತು: ಗಲಗಲ ಅನ್ನುವಷ್ಟು ಒಣಗಿಸಿದ ಮೆಣಸಿನಕಾಯಿ, ಹುರಿದು ಬೀಸಿದ ಮಸಾಲೆ ಪುಡಿ, ಬೀಜ ತೆಗೆದು ಉಪ್ಪು ಬೆರೆಸಿ ಜಾಡಿಗೆ ಒತ್ತಿದ ಹುಣಸೆಹಣ್ಣು. ಸಾಸಿವೆ, ಮೆಂತ್ಯ, ಇಂಗು ಒಲೆಯ ಪಕ್ಕದಲ್ಲೇ, ಕೈಗೆ ಸಿಗುವ ಹಾಗೆ.

ಮಳೆಗಾಲ ಕಳೆದ ಮೇಲೆ ಮತ್ತೆ ಹೊಸ ಸಾಮಾನು ಹೊತ್ತು ಹೋದಳು. ಬಾಗಿಲು ತೆರೆದ ಮಗಳ ಬಳೆಗಳು ಮೊಣಕೈವರೆಗೆ ಜಾರಿದವು. ಅಳಿಯ ನಗುನಗುತ್ತ ಚೀಲ ಇಳಿಸಿಕೊಂಡ.

"ಇಷ್ಟೆಲ್ಲ ಯಾಕೆ ಹೊತ್ಕೊಂಡು ಬಂದ್ರಿ ಅತ್ತೆ? ಇಲ್ಲಿ ಯಾವುದಕ್ಕೂ ಕೊರತೆ ಇಲ್ಲ."

ಅಡುಗೆಮನೆಯಲ್ಲಿ ಮಸಾಲೆ ಪುಡಿಯ ಚೀಲಕ್ಕೆ ಅವಳು ಹಾಕಿದ್ದ ಗಂಟು ಹಾಗೇ ಇತ್ತು. ಮೆಣಸಿನಕಾಯಿಗೆ ಬೂಷ್ಟು ಹಿಡಿದಿತ್ತು, ಬೇಳೆಯಲ್ಲಿ ಹುಳ ಹರಿಯುತ್ತಿತ್ತು. ಒಲೆ ಮಾತ್ರ ಅಂಗಡಿಯಲ್ಲಿಟ್ಟಂತೆ ಹೊಳೆಯುತ್ತಿತ್ತು.

"ಏನೇ ಇದು? ಅಡುಗೆ ಮಾಡಲ್ವಾ?"

ಮಗಳು ಹಜಾರದ ಕಡೆ ನೋಡಿ ದನಿ ತಗ್ಗಿಸಿದಳು. "ಹೊರಗಿಂದ ತರ್ತಾರಮ್ಮ."

"ದಿನಾ?"

"ಅವರಿಗೆ ನೆನಪಾದಾಗ."

ಗ್ಯಾಸ್ ಹಚ್ಚಲು ಬಗ್ಗಿದರೆ ಸಿಲಿಂಡರಿನ ಮೇಲೆ ರೆಗ್ಯುಲೇಟರೇ ಇಲ್ಲ. ಅಷ್ಟರಲ್ಲಿ ಅಳಿಯ ಬಾಗಿಲಿಗೆ ಬಂದು ನಿಂತಿದ್ದ.

"ಅದು ನನ್ನ ಬ್ಯಾಗಲ್ಲಿರುತ್ತೆ ಅತ್ತೆ. ಇವಳಿಗೆ ಮರೆವು. ಬೆಂಕಿಗಿಂಕಿ ಹಚ್ಕೊಂಡ್ರೆ ಯಾರು ಹೊಣೆ?"

ದನಿ ಮೆತ್ತಗಿತ್ತು. ಅದಕ್ಕೇ ಗಿರಣಿ ಅಕ್ಕನಿಗೆ ಭಯವಾಯಿತು. ಕೇಳಿದಳು, "ಇವಳನ್ನ ಸ್ವಲ್ಪ ದಿನ ಕರ್ಕೊಂಡು ಹೋಗ್ಲಾ? ಗಿರಣೀಲಿ ಕೆಲಸ ಜಾಸ್ತಿ."

"ಮುಂದಿನ ಸಲ ನೋಡೋಣ."

ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಟ. ಹಿಂದೆಯೇ ಹೊರಗಿನಿಂದ ಬೀಗ ಬಿದ್ದ ಸದ್ದು, ಆಮೇಲೆ ಕೆಳಗೆ ಅವನ ಬೈಕಿನ ಸದ್ದು.

"ನೀನಿರುವಾಗಲೂ ಹಾಕ್ತಾರೆ ಅಂದ್ಕೊಂಡಿರಲಿಲ್ಲ" ಎಂದಳು ಮಗಳು.

ಗಿರಣಿ ಅಕ್ಕ ಕಿಟಕಿಗೆ ಹೋಗಿ, ಕೆಳಗೆ ಗಾಡಿಯ ಮುಂದೆ ನಿಂತಿದ್ದ ಇಸ್ತ್ರಿಯವನನ್ನು ಕೂಗಿದಳು. "ಅಣ್ಣಾ, ಬೀಗ ಒಡೆಯೋಕೆ ಏನಾದ್ರೂ ತಗೊಂಡು ಬಾ."

ಅವನು ಅನುಮಾನಿಸಿದ. "ಆಯಮ್ಮಂಗೆ ತಲೆ ಸರಿ ಇಲ್ಲ ಅಂತ ಯಜಮಾನ್ರು ಹೇಳಿದ್ರಕ್ಕ."

"ನನ್ನ ತಲೆ ಸರಿ ಇದೆಯಲ್ಲ. ನನ್ನ ಮಾತು ಕೇಳು."

ಅವನು ಕಬ್ಬಿಣದ ಸರಳು ತಂದ. ಚಿಲಕ ಬೇಗ ಬಗ್ಗಲಿಲ್ಲ. ಮಗಳು ಗೋಡೆಗೆ ಒರಗಿ, "ಒಂದೊಂದ್ಸಲ ಮಧ್ಯಾಹ್ನಕ್ಕೇ ಬಂದ್ಬಿಡ್ತಾರೆ" ಎನ್ನುತ್ತಲೇ ಇದ್ದಳು. ಬಾಗಿಲು ತೆರೆದಾಗ ಅವಳ ಚಪ್ಪಲಿ ಎಲ್ಲಿಯೂ ಸಿಗಲಿಲ್ಲ. ತಾಯಿ ತನ್ನದನ್ನೇ ಕೊಟ್ಟು, ಬರಿಗಾಲಲ್ಲಿ ಬಸ್ಸು ಹತ್ತಿದಳು. ತಂದ ಸಾಮಾನೆಲ್ಲ ಅಲ್ಲೇ ಉಳಿಯಿತು.

ಪೊಲೀಸರಿಗೆ ದೂರು ಕೊಟ್ಟದ್ದಾಯಿತು. ಕೆಲವು ದಿನಗಳ ಮೇಲೆ ಅಳಿಯ ಗಿರಣಿಯ ಮುಂದೆ ಬಂದು ನಿಂತ, ಅದೇ ನಗು ಹೊತ್ತು. "ಒಳಗೆ ಬರಬೇಡಿ. ಹೇಳೋದಿದ್ರೆ ಇವರೆಲ್ಲರ ಮುಂದೆ ಹೇಳಿ" ಎಂದಳು ಗಿರಣಿ ಅಕ್ಕ. ಸಾಲಿನಲ್ಲಿದ್ದ ಹೆಂಗಸರು ಡಬ್ಬಿ ಕೆಳಗಿಟ್ಟು ಅವನತ್ತ ತಿರುಗಿದರು. ಅವನು ಒಬ್ಬೊಬ್ಬರ ಮುಖವನ್ನೂ ಗುರುತಿಟ್ಟುಕೊಳ್ಳುವವನಂತೆ ನೋಡಿ ಹೊರಟುಹೋದ.

ಮಗಳು ಈಗ ಗಿರಣಿಯ ಹಿಂದಿನ ಕೋಣೆಯಲ್ಲಿ ತಾನೇ ಅಡುಗೆ ಮಾಡುತ್ತಾಳೆ. ಮೈ ಕೈ ತುಂಬಿಕೊಂಡಿದೆ. ಆದರೆ ಉಣ್ಣುವಾಗ ಓಣಿಯಲ್ಲಿ ಯಾವುದಾದರೂ ಬೈಕು ನಿಧಾನವಾದರೆ, ತುತ್ತು ಬಾಯಲ್ಲೇ ನಿಲ್ಲುತ್ತದೆ. ತಾಯಿ ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುತ್ತಾಳೆ.