ಕಣದಲ್ಲಿ ಒಂದೇ ರಾಶಿ

ನಿಮ್ಮ ಅಜ್ಜ ತೀರಿಕೊಂಡ ಮೇಲಿನ ಮೊದಲ ಕಾಫಿ ಕೊಯ್ಲು ಅದು. ನಿಮ್ಮ ಅಮ್ಮ ಬಾಣಂತನಕ್ಕೆಂದು ಜಾವಳಿಯ ನಮ್ಮ ಮನೆಗೆ ಬಂದಿದ್ದಳು. ನಿಮ್ಮಲ್ಲಿ ದೊಡ್ಡವಳು ಆಗ ಕೈಗೂಸು. ಬೆಳಿಗ್ಗೆ ತಾಯಿಗೂ ಮಗುವಿಗೂ ನೀರು ಹಾಕಬೇಕು, ಆಮೇಲೆ ಕಣದಲ್ಲಿ ಕಾಫಿ ಹರಡಬೇಕು, ಬಿಸಿಲಿನಲ್ಲಿ ಮತ್ತೆ ಮತ್ತೆ ತಿರುವಬೇಕು, ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು. ರಾತ್ರಿಯಿಡೀ ಮಗು ಅಳುತ್ತಿತ್ತು. ನಾನು ನಿಂತಲ್ಲೇ ತೂಕಡಿಸುತ್ತಿದ್ದೆ.

ಅಜ್ಜನ ತಮ್ಮ, ನೀವು ಚಿಕ್ಕಜ್ಜ ಅನ್ನುವವರು, ಕೊಟ್ಟಿಗೆಹಾರದಲ್ಲಿ ಅಂಗಡಿ ಇಟ್ಟಿದ್ದರು. ಕೆಟ್ಟವರಲ್ಲ. "ಅತ್ತಿಗೆ, ತೋಟ ನೋಡೋದು ಅಡುಗೆ ಮಾಡ್ದಂಗಲ್ಲ. ಈ ಸಲದ ಪಾರ್ಚ್‌ಮೆಂಟ್ ಕಾಫಿ ಹೆಂಗೆ ಒಣಗ್ತದೆ ನೋಡ್ತೀನಿ. ಕೆಟ್ಟಿದ್ರೆ ತೋಟ ಗುತ್ತಿಗೆಗೆ ಕೊಟ್ಬಿಡುವ" ಎಂದಿದ್ದರು. ನಾನು ತಲೆಯಾಡಿಸಿದ್ದೆ. ಊರ ಶಾಲೆಯಲ್ಲಿ ಅಷ್ಟಿಷ್ಟು ಕಲಿತವಳು, ಅವರೆದುರು ಬಾಯಿ ಬಿಟ್ಟವಳಲ್ಲ. ಆದರೆ ಆ ಗಿಡಗಳನ್ನು ಅಜ್ಜನ ಜೊತೆ ನಿಂತು ನೆಟ್ಟವಳು ನಾನು. ಅವು ಇನ್ನೊಬ್ಬರ ಕೈಗೆ ಹೋಗುವುದು ನನಗೆ ಬೇಡವಾಗಿತ್ತು.

ಪಾರ್ಚ್‌ಮೆಂಟ್ ಒಯ್ಯಲು ನಾಳೆ ಬೆಳಿಗ್ಗೆ ಪಿಕಪ್ ತರುತ್ತೇನೆಂದು ಅವರು ಹೇಳಿಕಳಿಸಿದ ದಿನವೇ ಸೈಕಲ್ಲಿನವರು ಬಂದದ್ದು. ದಾವಣಗೆರೆ ಕಡೆಯವರು, ಗಂಡಸರು ಹೆಂಗಸರು ಸೇರಿ ಒಂದು ಗುಂಪು. ಕಳಸಕ್ಕೆ ಹೊರಟವರು. ಏರು ಹತ್ತಿ ಹತ್ತಿ ಒಬ್ಬರ ಮೀನಖಂಡ ಹಿಡಿದುಕೊಂಡಿತ್ತು.

"ಅಮ್ಮಾರೆ, ಇವ್ರಿಗೆ ಕಾಲು ಊರಾಕೆ ಆಗವಲ್ದು. ಒಂದು ಗಳಿಗೆ ಕೂತ್ಕಂಡು ಹೋಗ್ತೀವಿ" ಎಂದರು ಗುಂಪಿನ ಹಿರಿಯ ಹೆಂಗಸು. ಅವರು ಶಾಲೆಯ ಟೀಚರ್ ಅಂತೆ.

ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಯಾರೂ ಬೇಡವಾಗಿತ್ತು. ಆದರೂ ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವುದು ಹೇಗೆ? ಬೆಲ್ಲ ನೀರು ಕೊಟ್ಟು, ಕಾಫಿ ಕಾಯಿಸಲು ಒಳಗೆ ಹೋದೆ. ಅಷ್ಟರಲ್ಲಿ ಮಗು ಎದ್ದಿತು. ಅದನ್ನು ತೂಗಿ ಮಲಗಿಸುವಾಗ ಹೊರಗೆ ಕೆರೆಯುವ ಸದ್ದು, ನಗು ಕೇಳುತ್ತಿತ್ತು.

ಕಣದ ಒಂದು ಬದಿಗೆ ಪಾರ್ಚ್‌ಮೆಂಟ್ ಇತ್ತು, ಅಂದರೆ ಸಿಪ್ಪೆ ತೆಗೆದು ತೊಳೆದ ಬಿಳಿ ಬೀಜ, ಒಣಗಿ ಮುಗಿದಿತ್ತು. ಇನ್ನೊಂದು ಬದಿಗೆ ಚೆರಿ, ಹಣ್ಣನ್ನು ಹಾಗೆಯೇ ಒಣಹಾಕಿದ್ದು. ಕಪ್ಪಾಗಿದ್ದರೂ ಒಳಗೆ ಇನ್ನೂ ಹಸಿ. ನಡುವೆ ಒಂದು ಬಿದಿರಿನ ಗಳ ಇಟ್ಟಿದ್ದೆ.

ಕಾಫಿ ತಂದಾಗ ಗಳ ಗೋಡೆಗೆ ಒರಗಿತ್ತು. ಕಣದ ನಡುವೆ ಬಿಳಿ ಕಪ್ಪು ಎಲ್ಲ ಸೇರಿದ ಒಂದೇ ರಾಶಿ, ದುಂಡಗೆ, ಅಂಚು ಗುಡಿಸಿ.

"ಹೆಂಗೈತೆ ಅಮ್ಮಾರೆ?" ಎಂದ ಒಬ್ಬ. "ಹೊತ್ತು ಮುಳುಗ್ತಾ ಇತ್ತು, ನೀವು ಒಬ್ರೇ ಅಂತ ನಾವೇ ಬಳಿದ್ವಿ. ನಮ್ ಕಡೆ ಮೆಕ್ಕೆಜೋಳದ ಕಣದಾಗೆ ಒಂದೇ ರಾಶಿ. ಎರಡು ಮಾಡಿದ್ರೆ ನಮ್ಮಪ್ಪ ಬೈತಿದ್ದ."

ಚೆನ್ನಾಗಿದೆ ಎಂದೆ. ಕಾಫಿ ಪಾತ್ರೆ ಜಗಲಿಯಲ್ಲಿಟ್ಟು ಒಳಗೆ ತಿರುಗಿದೆ. ಲೋಟ ತರುವ ನೆಪದಲ್ಲಿ ಟೀಚರ್ ನನ್ನ ಹಿಂದೆಯೇ ಅಡುಗೆಮನೆಗೆ ಬಂದರು.

"ಏನೋ ತಪ್ಪಾಗೈತೆ. ಮಕ್ಕಳ ಮುಖ ನೋಡಿ ನೋಡಿ ನಂಗೆ ಗೊತ್ತಾಗ್ತದೆ. ಹೇಳ್ರಿ."

ಹೇಳಿದೆ. ಹಸಿ ಚೆರಿಯ ಜೊತೆ ಒಂದು ರಾತ್ರಿ ಇದ್ದರೆ ಪಾರ್ಚ್‌ಮೆಂಟಿಗೆ ತೇವ, ವಾಸನೆ ಹಿಡಿಯುತ್ತದೆ ಎಂದೆ. ಆ ಸುಸ್ತಿನಲ್ಲಿ ಗುತ್ತಿಗೆಯ ಮಾತೂ ಬಾಯಿಂದ ಹೊರಬಿತ್ತು. ಅದನ್ನು ನಿಮ್ಮ ಅಮ್ಮನಿಗೂ ನಾನು ಹೇಳಿರಲಿಲ್ಲ.

ಅವರು ಹೊರಗೆ ಹೋಗಿ ಎಲ್ಲರಿಗೂ ತಿಳಿಸಿದರು. ಆಮೇಲೆ ಒಬ್ಬ, ಈ ರಾತ್ರಿ ಬರುವುದಿಲ್ಲವೆಂದು ಕಳಸದ ಲಾಡ್ಜಿಗೆ ಫೋನು ಮಾಡಿದ. ಜಗಲಿಯ ಬಲ್ಬಿನ ಕೆಳಗೆ ಜರಡಿ ಹಿಡಿದು ಕೂತರು. ಪಾರ್ಚ್‌ಮೆಂಟ್ ಸಣ್ಣದು, ಕೆಳಗೆ ಉದುರುತ್ತದೆ; ಚೆರಿ ಮೇಲೆ ನಿಲ್ಲುತ್ತದೆ.

"ನಂಗೆ ಹಿಡ್ಕಂಡಿರೋದು ಕಾಲು, ಕೈಯಲ್ಲ. ಕೊಡ್ರಿ ಇಲ್ಲಿ" ಎಂದು ಕಾಲುನೋವಿನವರೂ ಒಂದು ಜರಡಿ ಕಸಿದುಕೊಂಡರು.

"ಸೈಕಲ್ಲಿಗಿಂತ ಇದೇ ವಾಸಿ ನಿಮಗೆ. ಕೂತೇ ಇರ್ಬಹುದು" ಎಂದು ಇನ್ನೊಬ್ಬಳು ಕೆಣಕಿದಳು.

ಟೀಚರ್ ನನ್ನ ಒಲೆಯಲ್ಲಿ ಅನ್ನ, ಸಾರು ಮಾಡಿದರು. ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ ಬಡಿಸಿದರು. ನನ್ನ ಮನೆಯಲ್ಲಿ ಇನ್ನೊಬ್ಬರು ಬಡಿಸಿ ನಾನು ಉಂಡು ಎಷ್ಟು ಕಾಲವಾಗಿತ್ತೋ. ರುಚಿ ನೆನಪಿಲ್ಲ, ಕಣ್ಣು ಎಳೆಯುತ್ತಿತ್ತು.

ಸಣ್ಣ ಚೆರಿಗಳು ಜರಡಿಯಲ್ಲಿ ನುಸುಳಿ ಪಾರ್ಚ್‌ಮೆಂಟಿಗೆ ಬಿದ್ದಿದ್ದವು. ಬೆಳಕು ಹರಿಯುತ್ತಲೇ ಎಲ್ಲರೂ ಮೊರ ಹಿಡಿದು ಅವನ್ನು ಆರಿಸುತ್ತಿದ್ದಾಗ ಪಿಕಪ್ ಬಂತು. ಚಿಕ್ಕಜ್ಜ ಇಳಿದು ನಿಂತು ನೋಡಿದರು.

"ಇದೆಂತ ಅತ್ತಿಗೆ, ಆಳು ಸಿಗೋದಿಲ್ಲ ಅಂತಿದ್ರಿ. ಹೆಲ್ಮೆಟ್ಟಿನವರೇ ಬಂದಿದಾರಲ್ಲ."

"ಬೆರೆಸಿದ್ದೂ ನಾವೇ, ಬಿಡಿಸೋರೂ ನಾವೇ ಸಾರ್" ಎಂದರು ಕಾಲುನೋವಿನವರು. "ಅಮ್ಮಾರದ್ದು ಏನೂ ತಪ್ಪಿಲ್ಲ."

ಚಿಕ್ಕಜ್ಜ ಹತ್ತಿರ ಬಂದು ಬಗ್ಗಿದರು. ಬಿಳಿ ರಾಶಿಯೊಳಗೆ ಮೊಣಕೈವರೆಗೂ ಕೈ ತೂರಿ ಒಂದು ಹಿಡಿ ತೆಗೆದರು. ಮೂಸಿದರು. ಒಂದು ಬೀಜ ಹಲ್ಲಿನಡಿ ಇಟ್ಟು ಕಡಿದರು; ಚೆನ್ನಾಗಿ ಒಣಗಿದ ಬೀಜದ ಕಟಕ್ ಸದ್ದು ನನಗೂ ಕೇಳಿಸಿತು. ನಾನು ಸೆರಗು ಹಿಂಡುತ್ತಾ ಬಾಗಿಲಲ್ಲಿ ನಿಂತಿದ್ದೆ.

"ಒಣಗಿಸಿದ್ದು ಯಾರು?"

"ನಾನೇ" ಎಂದೆ.

ಅವರು ಆ ಬೀಜವನ್ನು ಉಗಿದು ಪಂಚೆ ಎತ್ತಿಕಟ್ಟಿದರು. "ಸ್ವಲ್ಪ ಆಚೆ ಸರೀರಿ ಮಾರಾಯ್ರೆ, ನಿಮ್ಮ ಕೈಯಲ್ಲಿ ಇದು ಮಧ್ಯಾಹ್ನ ಆದ್ರೂ ಮುಗಿಯೂದಿಲ್ಲ" ಎಂದು ತಾವೂ ಒಂದು ಮೊರ ಎಳೆದುಕೊಂಡು ಕೂತರು.

ಸೈಕಲ್ಲಿನವರು ಹೊರಡುವಾಗ ಟೀಚರ್ ನನ್ನ ಕೈ ಹಿಡಿದು ನಿಂತರು. ಅವರ ಅಂಗೈ ಕೆಂಪಗೆ ಬೊಬ್ಬೆ ಎದ್ದಿತ್ತು. ಹೋಗಿ ಬನ್ನಿ ಎಂದಷ್ಟೇ ಹೇಳಿದೆ. ಇನ್ನೂ ಏನೋ ಹೇಳಬೇಕಿತ್ತು. ರಸ್ತೆಯ ತಿರುವಿನವರೆಗೂ ಅವರ ಸೈಕಲ್ ಬೆಲ್ಲು ಕೇಳಿಸುತ್ತಿತ್ತು.

ಚೀಲಗಳನ್ನು ಪಿಕಪ್ಪಿಗೆ ಏರಿಸಿ ಚಿಕ್ಕಜ್ಜ ಕಣವನ್ನು ಹೆಜ್ಜೆ ಹಾಕಿ ಅಳೆದರು.

"ಮುಂದಿನ ಸಲಕ್ಕೆ ಚೆರಿಗೆ ಬೇರೆ ಕಣ ಮಾಡಿಸುವ ಅತ್ತಿಗೆ. ಯಾರು ಬಂದ್ರೂ ಬೆರೆಸ್ಬಾರ್ದು."

ಗುತ್ತಿಗೆಯ ಮಾತು ಅವರು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಸಂತೋಷ ಆಗಬೇಕಿತ್ತು, ಆಗಿದ್ದಿರಬೇಕು. ಆ ಗಳಿಗೆಯಲ್ಲಿ ಮೈಯೆಲ್ಲ ನೋವು, ಅಷ್ಟೇ ಗೊತ್ತು. ಒಳಗಿನಿಂದ ನಿಮ್ಮ ಅಮ್ಮ, "ಅಮ್ಮಾ, ಹಂಡೆ ನೀರು ತಣ್ಣಗಾಯ್ತು" ಎಂದು ಕರೆದಳು. ಚೆರಿಯನ್ನು ಬಿಸಿಲಿಗೆ ಹರಡಿ, ಬಚ್ಚಲೊಲೆ ಊದಲು ಹೋದೆ.