ಬಲಗಡೆ ಸ್ಪೀಕರಿನ ಹಾಲವ್ವ

ಅಂಗಡಿಯವರು ಒಂದು ಸಿ.ಡಿ. ಹಾಕಿದರು. ರೈಲೊಂದು ಎಡಗಡೆ ಸ್ಪೀಕರಿನಿಂದ ಹೊರಟು, ನನ್ನ ಮೂಗಿನ ಮುಂದೆಯೇ ಹಾದು, ಬಲಗಡೆ ಸ್ಪೀಕರಿಗೆ ಹೋಯಿತು.

ಅಷ್ಟೇ, ನಾನು ಮರುಳಾದೆ!

ಎರಡು ಸಾವಿರದ ಇಸವಿ ದಾಟಿದ ಹೊಸತು. ಕೊಟ್ಟೂರಿನ ನಮ್ಮ ಮನೆಯ ಜೋಳದ ಚೀಲ ಇಡುವ ಕೋಣೆಯನ್ನೇ ಸ್ಟುಡಿಯೋ ಮಾಡಿದ್ದೆ. ಹಳೇ ಕಂಪ್ಯೂಟರು, ಎರಡು ಮೈಕು, ಸದ್ದು ಗುಂಯ್‌ಗುಡದಿರಲಿ ಅಂತ ಗೋಡೆ ತುಂಬಾ ಅವ್ವನ ಕೌದಿಗಳು.

ಬ್ಲೂಟೂತ್ ಗೀಟೂತ್ ನಮ್ಮ ಕಡೆ ಯಾರೂ ಕೇಳಿರದ ಕಾಲ. ದಾವಣಗೆರೆಯ ಆ ಅಂಗಡಿಯಲ್ಲಿ ನನ್ನ ಕೈಗೆಟುಕುವಂಥ ಸ್ಪೀಕರುಗಳು ಎರಡೇ ಇದ್ದವು. ಒಂದು ಒಂಟಿ ಡಬ್ಬಿ, ಸಪ್ಪೆ ಮುಖ, ಸಪ್ಪೆ ದನಿ. ಇನ್ನೊಂದು ಈ ರೈಲು ಓಡಿಸುವ ಜೋಡಿ. ಜೋಡಿಯನ್ನೇ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದೆ.

ಮೊದಲ ರೆಕಾರ್ಡಿಂಗ್ ನಮ್ಮ ದೊಡ್ಡವ್ವನ ಸೋಬಾನೆ ಪದ. ತಂಬ್ರಹಳ್ಳಿಯಲ್ಲಿ ಆಕೆಯ ಮೊಮ್ಮಗಳ ಮದುವೆಯಿತ್ತು.

ದೊಡ್ಡವ್ವ ಒಂದು ಸಾಲು ಹಾಡಿದರೆ ಅದನ್ನೇ ತಿರುಗಿ ಹಾಡುವವಳು ಗೆಳತಿ ಹಾಲವ್ವ. ಅದಕ್ಕೆ ಸೊಲ್ಲು ಹಿಡಿಯುವುದು ಅನ್ನುತ್ತಾರೆ. ಸಣ್ಣವರಿದ್ದಾಗಿನಿಂದ ಇಬ್ಬರದೂ ಜೋಡಿ.

ಆದರೆ ಗಂಡ ತೀರಿಕೊಂಡ ಮೇಲೆ ಹಾಲವ್ವನನ್ನು ಯಾವ ಮದುವೆಯಲ್ಲೂ ಮುಂದೆ ಕೂರಿಸಿ ಹಾಡಿಸುತ್ತಿರಲಿಲ್ಲ. ಆಕೆಯೂ ಬಾಯಿ ಬಿಡುತ್ತಿರಲಿಲ್ಲ... ನನಗಂತೂ ಇದು ಯಾವತ್ತೂ ಸರಿ ಕಂಡಿಲ್ಲ.

ಕ್ಯಾಸೆಟ್ಟಿನ ಉಪಾಯ ದೊಡ್ಡವ್ವನದೇ. "ಅಕಿ ಮುಂದ ಬರಬಾರ್ದು ಅಂತಾರ. ಅಕಿ ದನಿ ಬಂದ್ರ ಯಾರು ತಡೀತಾರ? ನೀ ಟೇಪಿನಾಗ ತುಂಬಲೇ!"

ಇಬ್ಬರ ನಡುವೆ ಒಂದು ಕೌದಿ ಕಟ್ಟಿ, ಒಬ್ಬೊಬ್ಬರಿಗೆ ಒಂದೊಂದು ಮೈಕು ಕೊಟ್ಟು ತುಂಬಿದೆ. ದೊಡ್ಡವ್ವನನ್ನು ಪೂರ್ತಿ ಎಡಗಡೆ ಸ್ಪೀಕರಿಗೆ, ಹಾಲವ್ವನನ್ನು ಪೂರ್ತಿ ಬಲಗಡೆಗೆ ಹಾಕಿ ಕ್ಯಾಸೆಟ್ಟಿಗೆ ಇಳಿಸಿದೆ. ಪ್ಲೇ ಮಾಡಿದರೆ ಇಬ್ಬರೂ ಎದುರುಬದುರು ಕೂತು ಹಾಡಿದ ಹಾಗೇ ಇತ್ತು.

ಹಾಲವ್ವ ಮಾತ್ರ ಕೇಳಿಸಿಕೊಳ್ಳಲಿಲ್ಲ. "ಮದ್ವಿ ದಿನಾನ ಕೇಳ್ತೀನಪ್ಪ" ಅಂದು ಎದ್ದು ಹೋದಳು.

ಮದುವೆ ಮನೆ. ಮದುಮಗಳಿಗೆ ಅರಿಶಿಣ ಹಚ್ಚಿ ಸುರಗಿ ನೀರೆರೆಯುವ ಹೊತ್ತು. ಮೈಕ್‌ಸೆಟ್ಟಿನವನು ಕ್ಯಾಸೆಟ್ ಹಾಕಿದ. ಬೇವಿನ ಮರಕ್ಕೆ ಕಟ್ಟಿದ ಹಾರ್ನಿನಿಂದ ದೊಡ್ಡವ್ವನ ಸಾಲು ಬಂತು.

ಆಮೇಲೆ... ಏನೂ ಇಲ್ಲ.

ಮತ್ತೆ ದೊಡ್ಡವ್ವನ ಸಾಲು. ಮತ್ತೆ ಖಾಲಿ.

ಓಡಿ ಹೋಗಿ ನೋಡಿದರೆ ಟೇಪಿನಿಂದ ಆಂಪ್ಲಿಫೈಯರಿಗೆ ಹೋಗುತ್ತಿದ್ದದ್ದು ಎಡಗಡೆಯ ಒಂದೇ ವೈರು. ಮರದ ಮೇಲಿನ ಹಾರ್ನಿಗೆ ಎಡ ಯಾವುದು, ಬಲ ಯಾವುದು? ಹಾಲವ್ವ ಬಲಗಡೆಯಲ್ಲೇ ಉಳಿದುಬಿಟ್ಟಿದ್ದಳು.

ತಿರುಗಿ ನೋಡುತ್ತೇನೆ, ಆಕೆ ಅಡುಗೆ ಮನೆಯ ಹೊಸ್ತಿಲಲ್ಲಿ ಕೂತು ಮರದ ಕಡೆಗೇ ಕಿವಿ ಕೊಟ್ಟಿದ್ದಾಳೆ. ಮುಖ ಸಣ್ಣದಾಗುತ್ತಿದೆ.

ದೊಡ್ಡವ್ವ ಅರಿಶಿಣದ ಕೈಯಲ್ಲೇ ತಿರುಗಿ ಕೂಗಿದಳು. "ಏ ಹಾಲವ್ವ, ಸೊಲ್ಲು ಹಿಡಿಯೇ! ಪದ ಅರ್ಧಕ್ಕ ನಿಲ್ತೈತಿ!"

ಸೋಬಾನೆ ಅರ್ಧಕ್ಕೆ ನಿಂತರೆ ಮದುಮಕ್ಕಳಿಗೆ ಒಳ್ಳೆಯದಲ್ಲ ಅನ್ನುತ್ತಾರೆ ನಮ್ಮ ಮಂದಿ. ಬೇಡ ಅನ್ನಲು ಬಾಯಿ ತೆರೆದಿದ್ದವರೂ ಅದಕ್ಕೇ ಸುಮ್ಮನಾದರು.

ಹಾಲವ್ವ ಸೆರಗು ಸರಿಮಾಡಿಕೊಂಡಳು. ಹಾರ್ನಿನ ಸಾಲು ಮುಗಿಯುತ್ತಲೇ ಹೊಸ್ತಿಲಿಂದಲೇ ಸೊಲ್ಲು ಎತ್ತಿಕೊಂಡಳು... ಮೊದಲು ನಡುಗಿದ ದನಿ ಬರಬರುತ್ತಾ ಗಟ್ಟಿಯಾಯಿತು. ತಲೆ ಮೇಲೆ ನೀರು ಬೀಳುತ್ತಿದ್ದರೂ ಮದುಮಗಳು ಆ ಕಡೆಯೇ ನೋಡುತ್ತಿದ್ದಳು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಕೊಟ್ಟೂರಿಗೆ ಬಂದ ಮೇಲೆ ಹಾಲವ್ವನನ್ನು ಕರೆದು ಅದೇ ಪದ ಹಾಕಿದೆ. ಬಲಗಡೆ ಡಬ್ಬಿಗೆ ಕಿವಿ ಹಚ್ಚಿ ಕೂತವಳು, "ಇಲ್ಲಿ ಕುಂತಿದ್ನೇನು ನಾನು!" ಅಂತ ನಕ್ಕಳು.

ಈಗಲೂ ಗೆಳೆಯರು ಮನೆ ಸ್ಟುಡಿಯೋಗೆ ಕಡಿಮೆ ಬೆಲೆಯ ಬ್ಲೂಟೂತ್ ಸ್ಪೀಕರ್ ಯಾವುದು ಒಳ್ಳೆಯದು ಅಂತ ಕೇಳುತ್ತಿರುತ್ತಾರೆ. ನಿಮಗೆ ಹಿಡಿಸಿದ್ದನ್ನೇ ತಗೊಳ್ಳಿ, ಆದರೆ ಒಮ್ಮೆ ಒಂದು ಬದಿ ಬಂದ್ ಮಾಡಿ ಕೇಳಿ ಅನ್ನುತ್ತೇನೆ.

ನಿಮ್ಮ ಮನೆಯ ಹಾಡಿನಲ್ಲಿ ಆಗ ಯಾರ ದನಿ ಇಲ್ಲವಾಗುತ್ತದೆ?